ಮಣೆಯ ಕೆಳಗಿನ ಪುಸ್ತಕಗಳು

ಜೂನ್ 24, ಮಂಗಳವಾರ

ನಾಲ್ಕು ದಿನಕ್ಕೆಂದು ಬಂದ ಅತ್ತೆಯವರು ಇನ್ನು ದಸರೆಯವರೆಗೆ ನಮ್ಮಲ್ಲೇ. ಯಾರ ಹತ್ತಿರ ಹೇಳಿಕೊಂಡರೂ ಸೊಸೆಗೆ ಭಾರವಾಯಿತು ಎಂದಾರು. ಹಾಗಾಗಿ ಮಗಳು ಶ್ರೇಯಾಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಹೇಳಿಕೊಳ್ಳುತ್ತಿದ್ದೇನೆ. ಇವು ಎದುರಾಡುವುದಿಲ್ಲ.

ವಿಜಯಪುರದ ಕಡೆಯ ಇಂಡಿಯಿಂದ ಬಂದ ಮರುದಿನವೇ ನಮ್ಮ ಬಚ್ಚಲಿನ ಹೊಸ್ತಿಲಲ್ಲಿ ಜಾರಿದರು. ತೊಡೆಯ ಎಲುಬು ಸೊಂಟದ ಹತ್ತಿರ ಮುರಿಯಿತು. ಆಪರೇಶನ್ ಆಗಿ, ಒಳಗೊಂದು ರಾಡು ಕೂತು, ಇವತ್ತು ಮನೆಗೆ ಕರೆತಂದೆವು. ಕರೆತಂದೆವು ಎನ್ನುವುದಕ್ಕಿಂತ ಹೊತ್ತು ತಂದೆವು ಎನ್ನಬೇಕು. ಗೋರೆಗಾಂವಿನ ಈ ಹಳೆಯ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ, ನಾವಿರುವುದು ಎರಡನೆಯ ಮಹಡಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಗಂಡಸರು ಎತ್ತಿದರು. ಅತ್ತೆಯವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಮೇಲೆ ಬಂದು ಕಣ್ಣು ತೆರೆದವರೇ, "ಈ ಮೆಟ್ಲಾ ನಾ ಇನ್ನ ನನ್ನ ಕಾಲಿಲೇ ಇಳಿಯಾಕಿ, ನೋಡ್ರಿ" ಎಂದರು. ಡಾಕ್ಟರು ಹೇಳಿದ್ದೂ ಅದೇ. ಯಾರೂ ಎತ್ತದೆ ಮೆಟ್ಟಿಲು ಇಳಿದು ಹತ್ತುವಂತಾದ ಮೇಲೇ ಊರಿಗೆ ಪ್ರಯಾಣ.

ಊರಲ್ಲಿ ಭಾವನವರ ಮನೆಯ ಮುಂಭಾಗದಲ್ಲಿ ಅತ್ತೆಯವರದೇ ಒಂದು ಹಿಟ್ಟಿನ ಗಿರಣಿ ಇದೆ. ಅದನ್ನು ಬಿಟ್ಟು ಅವರು ಒಂದು ವಾರ ಇದ್ದದ್ದನ್ನು ನಾನು ಕಂಡಿಲ್ಲ. ನಾನೂ ಪಾರ್ಲೆಯ ಕೋಚಿಂಗ್ ಕ್ಲಾಸಿಗೆ ರಜೆ ಹಾಕಿ ಕೂತಿದ್ದೇನೆ. ಹತ್ತನೆಯವರಿಗೆ ಗಣಿತ ಹೇಳಬೇಕಾದವಳು ಬೆಡ್‌ಪ್ಯಾನ್ ಹಿಡಿದಿದ್ದೇನೆ. ಒಬ್ಬರಿಗೆ ಗಿರಣಿ ಬೇಕು, ಇನ್ನೊಬ್ಬರಿಗೆ ಕ್ಲಾಸು ಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕು.

ಜೂನ್ 25, ಬುಧವಾರ

ಮಂಚ ಎತ್ತರವಾಗಬೇಕಂತೆ. ತಗ್ಗಿನ ಮಂಚದಿಂದ ಏಳಲು ಹೋದರೆ ಸೊಂಟಕ್ಕೆ ಭಾರ ಬೀಳುತ್ತದೆ. ಅನಿಲ ತಮ್ಮ ತಾಯಿಗಾಗಿ ಸಂಜೆ ಇಟ್ಟಿಗೆ ತರುತ್ತೇನೆಂದು ಹೇಳಿ ಆಫೀಸಿಗೆ ಹೋದರು. ಅವರ ಆಫೀಸು ಫೋರ್ಟಿನಲ್ಲಿ. ಅಲ್ಲಿ ಬ್ಯಾಂಕು ಸಿಗುತ್ತದೆ, ಕೋರ್ಟು ಸಿಗುತ್ತದೆ, ಒಳ್ಳೆಯ ಇಡ್ಲಿಯೂ ಸಿಗುತ್ತದೆ. ಕಂಕುಳಲ್ಲಿ ಇಟ್ಟಿಗೆ ಇಟ್ಟುಕೊಂಡು ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತುವ ಗಂಡಸನ್ನು ಮಾತ್ರ ನಾನು ಕಂಡಿಲ್ಲ. ಬರಿಗೈಯಲ್ಲಿ ಬಂದರು.

ಅಷ್ಟರಲ್ಲಿ ನಾನೇ ದಾರಿ ಹುಡುಕಿದ್ದೆ. ಅಡುಗೆಮನೆಯ ಲಾಫ್ಟಿನ ಮೇಲೆ ನನ್ನ ಎರಡು ಪೆಟ್ಟಿಗೆಗಳಿವೆ. ವಿಜಯಪುರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದಾಗಿನ ಪುಸ್ತಕಗಳು. ಮನೆ ಬದಲಿಸಿದಾಗಲೆಲ್ಲ ಅನಿಲ ರದ್ದಿಯವನನ್ನು ಕರೆಯೋಣ ಎನ್ನುತ್ತಾರೆ. ಪ್ರತಿ ಸಲ ನಾನು ಅವರೊಂದಿಗೆ ಮಾತು ಬಿಟ್ಟು ಉಳಿಸಿಕೊಂಡಿದ್ದೇನೆ. ಉಳಿಸಿಕೊಂಡು ಮಾಡಿದ್ದೇನು ಅಂದರೆ ಏನೂ ಇಲ್ಲ, ಇವತ್ತಿನವರೆಗೆ. ದಪ್ಪಗಟ್ಟಿನ ಎಂಟು ಪುಸ್ತಕ ಆರಿಸಿ, ಜೋಡಿ ಮಾಡಿ, ನಾಲ್ಕೂ ಜೋಡಿ ಒಂದೇ ಎತ್ತರ ಬರುವಂತೆ ಸ್ಕೇಲು ಹಿಡಿದು ನೋಡಿ ಮಂಚದ ಕಾಲಿನ ಕೆಳಗೆ ಕೊಟ್ಟೆ. ಥರ್ಮೋಡೈನಮಿಕ್ಸು ಫ್ಲುಯಿಡ್ ಮೆಕ್ಯಾನಿಕ್ಸಿಗಿಂತ ಸ್ವಲ್ಪ ತೆಳ್ಳಗೆ, ಅದಕ್ಕೊಂದು ಹಳೆಯ ಕ್ಯಾಲೆಂಡರು ಮಡಚಿ ಇಟ್ಟೆ. ಮಂಚ ಒಂದಿಷ್ಟೂ ಅಲ್ಲಾಡಲಿಲ್ಲ.

ಅತ್ತೆಯವರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಅವರಿಗೆ ಓದು ಬರುವುದಿಲ್ಲ. ಇವು ಓದೂ ಪುಸ್ತಕ ಹೌದಲ್ಲೋ ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಯೋಚಿಸಿ, ಇಡುವುದು ಮಂಚದ ಕಾಲು, ಮನುಷ್ಯರ ಕಾಲಲ್ಲ, ಹಾಗಾಗಿ ನಡೆದೀತು ಎಂದು ತೀರ್ಪು ಕೊಟ್ಟರು. ಆದರೂ ಎಂಟನ್ನೂ ಹೊರಗೆ ತೆಗೆಸಿ, ಒಂದೊಂದನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೇ ಮತ್ತೆ ಒಳಗೆ ಇಡಗೊಟ್ಟರು. ನನ್ನ ಬೆನ್ನು ಎರಡೆರಡು ಸಲ ಬಗ್ಗಿತು.

ಜುಲೈ 3, ಗುರುವಾರ

ಮಳೆ. ಬಟ್ಟೆ ಒಣಗುವುದಿಲ್ಲ, ಇಸ್ತ್ರಿಯವನು ಊರಿಗೆ ಹೋಗಿದ್ದಾನೆ. ಅತ್ತೆಯವರ ಇಳಕಲ್ ಸೀರೆಯನ್ನು ಅರೆ ಹಸಿ ಇರುವಾಗಲೇ ನೀಟಾಗಿ ಮಡಚಿ, ಮೇಲೆ ಮಷಿನ್ ಡಿಸೈನ್ ಮತ್ತು ಅದರ ಮೇಲೆ ಹೀಟ್ ಟ್ರಾನ್ಸ್‌ಫರ್ ಇಟ್ಟೆ. ಮಧ್ಯಾಹ್ನ ತೆಗೆದರೆ ಅಂಗಡಿಯಿಂದ ತಂದಂತಿತ್ತು. ಹೆಸರಿನಲ್ಲಿ ಹೀಟ್ ಇದ್ದದ್ದಕ್ಕೂ ಸಾರ್ಥಕ.

ಎದುರು ಮನೆಯ ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳ ತಳ್ಳುವುದನ್ನು ಕಲಿತಿದೆ. ಇವತ್ತಿನಿಂದ ಮುಚ್ಚಳದ ಮೇಲೆ ವರ್ಕ್‌ಶಾಪ್ ಟೆಕ್ನಾಲಜಿ. ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಡ್ರಾಯಿಂಗಿನ ಪುಸ್ತಕ. ಫ್ರಿಜ್ಜಿನ ಮುರಿದ ಕಾಲಿನ ಜಾಗಕ್ಕೆ ಮೆಟೀರಿಯಲ್ ಸೈನ್ಸ್. ಅನಿಲರಿಗೆ ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. ರದ್ದಿಯ ಮಾತು ಇನ್ನೊಮ್ಮೆ ಎತ್ತಲಿ, ನೋಡೋಣ.

ಅತ್ತೆಯವರು ಮಾತ್ರ ಒಂದು ಮಾತೂ ಆಡದೆ ಕಿಟಕಿಯ ಕಡೆ ಮುಖ ಮಾಡಿ ಮಲಗುತ್ತಾರೆ. ಊಟ ಇನ್ನೊಂದಿಷ್ಟು ಎಂದರೆ ಸಾಕು. ನೀರು ಎಂದರೆ ಬೇಡ. ಮುಲುಗಿದರೆ ಕೇಳಿಸಿಕೊಳ್ಳಬಹುದು, ಮೌನ ಹೊರುವುದು ಕಷ್ಟ.

ಜುಲೈ 11, ಶುಕ್ರವಾರ

ಅತ್ತೆಗೆ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಮುಖ ನೋಡದ ಗೆಳತಿ.

ಕೆಳಗೆ ನೆಲಮಹಡಿಯಲ್ಲಿ ಗಂಗುಬಾಯಿ ಇದ್ದಾರೆ. ಸೋಲಾಪುರದ ಕಡೆಯವರು, ಮನೆಯಲ್ಲಿ ಕನ್ನಡವೇ, ಮೊಳಕಾಲು ಹೋಗಿ ವರ್ಷಗಳಾದವು, ಮೆಟ್ಟಿಲು ಹತ್ತುವ ಹಾಗಿಲ್ಲ. ಇವರು ಇಳಿಯುವ ಹಾಗಿಲ್ಲ. ಮಧ್ಯಾಹ್ನ ನಾನು ಕಿಟಕಿಯಲ್ಲಿ ನಿಂತು ಅವರೊಂದಿಗೆ ಮಾತಾಡುವಾಗ ಅತ್ತೆ ಮಂಚದ ಮೇಲಿಂದಲೇ ಯಾರವರು ಅಂದರು. ಅಷ್ಟೇ ಸಾಕಾಯಿತು. ಆಮೇಲೆ ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಕಿಟಕಿಯಿಂದ ಕಿಟಕಿಗೆ, ಮೊದಲ ಮಹಡಿಯವರ ತಲೆಯ ಮೇಲಿಂದ, ಜೋಳದಿಂದ ಹಿಡಿದು ಸೊಸೆಯಂದಿರವರೆಗೆ ಎಲ್ಲ ಹಾದುಹೋಯಿತು. ಸೊಸೆಯಂದಿರ ಮಾತು ಬಂದಾಗ ಇಬ್ಬರೂ ದನಿ ತಗ್ಗಿಸಿದರು. ಎರಡು ಮಹಡಿ ದಾಟಬೇಕಾದ ದನಿ ಎಷ್ಟು ತಗ್ಗೀತು, ಎಲ್ಲ ಕೇಳಿಸಿತು. ಅಂಥದ್ದೇನೂ ಇರಲಿಲ್ಲ.

ಈಗ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತೇವೆ. ಮೇಲಿನಿಂದ ಶೇಂಗಾ ಚಟ್ನಿಪುಡಿ ಹೋಗುತ್ತದೆ, ಕೆಳಗಿನಿಂದ ಥಾಲಿಪೀಠದ ರೊಟ್ಟಿ ಬರುತ್ತದೆ. ಹಗ್ಗದ ಈ ತುದಿ ಜಾರದಿರಲು ಕಟ್ಟಿರುವುದು ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸಿಗೆ.

ಜುಲೈ 28, ಸೋಮವಾರ

ಫಿಸಿಯೋ ರೂಪಾಲಿ ಬಂದಿದ್ದಳು. ಪಾಪದ ಹುಡುಗಿ, ಮರಾಠಿಯಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಕೊನೆಗೆ ತಾನೇ ಮಾಡಿ ತೋರಿಸುತ್ತಾಳೆ. ವಾಕರ್ ಹಿಡಿದು ನಡೆಯುವುದು ಚೆನ್ನಾಗಿ ಆಗುತ್ತಿದೆ, ಇನ್ನು ಮೆಟ್ಟಿಲಿನ ಅಭ್ಯಾಸ ಎಂದಳು. ಮೊದಲು ಎರಡು ಬೆರಳಿನಷ್ಟು ಎತ್ತರ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ನಿಜವಾದ ಮೆಟ್ಟಿಲಿನ ಎತ್ತರ. ಕಿಟಕಿಯ ಸರಳು ಹಿಡಿದು ಹತ್ತುವುದು, ಇಳಿಯುವುದು.

ಸ್ವಲ್ಪ ಸ್ವಲ್ಪ ಹೆಚ್ಚಿಸಬಹುದಾದ ವಸ್ತು ನನ್ನ ಹತ್ತಿರ ಎರಡು ಪೆಟ್ಟಿಗೆ ಇದೆ. ಆದರೆ ಅದರ ಮೇಲೆ ಅತ್ತೆ ಕಾಲಿಡಬೇಕಲ್ಲ. ಕಾಲು ತಪ್ಪಿ ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುವವರು. ಅಪ್ಲೈಡ್ ಮ್ಯಾಥಮ್ಯಾಟಿಕ್ಸಿಗೆ ಹಳೆಯ ದಿಂಬಿನ ಗವಸು ತೊಡಿಸಿ, ಬಾಯಿ ಹೊಲಿದು, ಇದು ಮರದ ಹಲಗೆ ಎಂದೆ. ಅತ್ತೆ ನಂಬಿದರು. ಬಲಗಾಲು ಹತ್ತಿತು, ಎಡಗಾಲು ಹತ್ತಿತು. ರೂಪಾಲಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಜುಲೈ 31, ಗುರುವಾರ

ಹೊಲಿಗೆ ಬಿಚ್ಚಿತು.

ಅತ್ತೆ ಇಳಿಯುವಾಗ ಹಿಮ್ಮಡಿಗೆ ಗವಸು ಸಿಕ್ಕಿ ಸರಿಯಿತು, ಒಳಗಿನ ನೀಲಿ ರಟ್ಟು ಕಂಡಿತು. ಸಿಟ್ಟು ಮಾಡಿದ್ದರೆ ವಾಸಿಯಿತ್ತು. ಸುಮ್ಮನೆ ಮಂಚಕ್ಕೆ ಹೋಗಿ ಕೂತರು. ಪುಸ್ತಕ ತರಿಸಿ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದರು, ಎಷ್ಟೋ ಹೊತ್ತು ಒರೆಸಿದರು. ನಾನು, ಅತ್ತಿ, ಇವು ನನ್ನವೇ, ಓದಿ ಮುಗಿಸಿದವು, ಈಗ ಬರೀ ಕಾಗದ ಅಂದೆ.

"ನೀ ಓದೀದಿ, ನಿನಗ ಬರೀ ಕಾಗದ," ಎಂದರು. "ನನಗ ಅಕ್ಷರ ಬರಂಗಿಲ್ಲವ್ವಾ. ಬರದಾಕಿ ತುಳದ್ರ ಹ್ಯಾಂಗ?"

ಬಿಚ್ಚಿದ ಗವಸನ್ನು ಮಡಚಿ ಒಳಗಿಟ್ಟೆ. ಬಹಳ ಕೆಟ್ಟದೆನಿಸಿತು.

ಆಗಸ್ಟ್ 2, ಶನಿವಾರ

ಇವತ್ತೂ ಅಭ್ಯಾಸವಿಲ್ಲ. ಅಂಗಡಿಯಿಂದ ಸ್ಟೂಲು ತಂದರೆ ಅದು ಮೊದಲ ದಿನಕ್ಕೇ ತೀರಾ ಎತ್ತರ. ಹೀಗೇ ಬಿಟ್ಟರೆ ಕಾಲು ಬಿಗಿದುಕೊಂಡು ಬಿಡುತ್ತದೆ ಎಂದು ರೂಪಾಲಿ ಫೋನಿನಲ್ಲಿ ಹೇಳಿದಳು. ಅನಿಲ ನನ್ನ ಮುಖ ನೋಡುತ್ತಾರೆ, ನಾನು ಫ್ರಿಜ್ಜಿನ ಮುಖ ನೋಡುತ್ತೇನೆ.

ಆಗಸ್ಟ್ 5, ಮಂಗಳವಾರ

ಈ ಗಂಟನ್ನು ಗಂಗುಬಾಯಿ ಬಿಡಿಸಿದರು. ಮಧ್ಯಾಹ್ನ ಕಿಟಕಿಯಲ್ಲಿ ಅತ್ತೆಯ ಕತೆಯನ್ನೆಲ್ಲ ಕೇಳಿ, ನನಗೆ ಬೈಯುತ್ತಾರೇನೋ ಅಂದುಕೊಂಡರೆ, ನೇರ ಅತ್ತೆಗೇ ಬೈದರು.

"ಪುಸ್ತಕದ ಮ್ಯಾಲ ಮಂಚ, ಮಂಚದ ಮ್ಯಾಲ ನೀ ಕಾಲ ಚಾಚಿ ಮಲಗತಿ. ಅದಕ್ಕ ದೋಷ ಇಲ್ಲ. ಹಂಗಾರ ಮಣಿ ಅಂದ್ರ ಏನ? ಸಣ್ಣ ಮಂಚ ಅಲ್ಲೇನ?"

ಮಣೆ ಎಂದರೆ ಊಟಕ್ಕೆ ಕೂರುವ ಗಿಡ್ಡ ಕಾಲಿನ ಮರದ ಹಲಗೆ. ನಮ್ಮ ಮನೆಯಲ್ಲಿ ಒಂದೂ ಇಲ್ಲ, ಎಲ್ಲ ಟೇಬಲ್ಲಿನ ಮೇಲೇ. ಗಂಗುಬಾಯಿ ತಮ್ಮ ಮದುವೆಯಲ್ಲಿ ಕೂತ ಸಾಗವಾನಿ ಮಣೆಯನ್ನು ಶ್ರೇಯಾಳ ಕೈಯಲ್ಲಿ ಮೇಲೆ ಕಳಿಸಿದರು, ಒಂದು ಷರತ್ತಿನ ಮೇಲೆ. ದಸರೆಗೆ ಬನ್ನಿ ಕೊಡಲು ಬರುವಾಗ ಅದು ವಾಪಸು ಬರಬೇಕು, ಅತ್ತೆಯೇ ಇಳಿದು ಬರಬೇಕು. ಬನ್ನಿಯ ಎಲೆಯನ್ನು ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಕೊಡುವುದು ಪದ್ಧತಿ. ನಿನ್ನ ಮಾರಿ ನೋಡದ ನಾ ಸಾಯಂಗಿಲ್ಲ ಅಂತಲೂ ಸೇರಿಸಿದರು. ಅತ್ತೆ ನಕ್ಕರು. ಜೂನ್ ಆದಮೇಲೆ ಮೊದಲ ಸಲ.

ಈಗ ವ್ಯವಸ್ಥೆ ಹೀಗಿದೆ. ಕೆಳಗೆ ಬಚ್ಚಲಿನ ರಬ್ಬರ್ ಮ್ಯಾಟು, ಅದರ ಮೇಲೆ ಪುಸ್ತಕ, ಜಾರದಿರಲು ಹಳೆಯ ಸೈಕಲ್ ಟ್ಯೂಬಿನ ಕಟ್ಟು, ಮೇಲೆ ಮಣೆ. ನಾನೇ ಹತ್ತಿ ಕುಣಿದು ನೋಡಿದೆ. ಅತ್ತೆ ಮೊದಲು ಬಗ್ಗಿ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮಣೆ ಹತ್ತುತ್ತಾರೆ.

ನಾನು ಮಣೆ ಸರಿಯಾಗಿ ಕೂರಿಸುವಾಗ ಅತ್ತೆ ನನ್ನ ಬೆರಳಿನ ಮೇಲೇ ಕಾಲಿಟ್ಟರು. ಪೂರ್ತಿ ಭಾರ. ಅವರು ಬಗ್ಗಿ, ಕಾಲು ಪುಸ್ತಕಕ್ಕೆ ತಾಗಿಲ್ಲ ತಾನೇ ಎಂದು ನೋಡಿಕೊಂಡರು. ಈ ಮನೆಯಲ್ಲಿ ಪುಸ್ತಕಕ್ಕಿರುವ ಮರ್ಯಾದೆ ಅದನ್ನು ಓದಿದವಳಿಗಿಲ್ಲ.

ಆಗಸ್ಟ್ 19, ಮಂಗಳವಾರ

ಹುಚ್ಚು ಮಳೆ. ಲೋಕಲ್ ನಿಂತಿವೆ, ಅನಿಲ ಆಫೀಸಿನಲ್ಲೇ ಉಳಿದಿದ್ದಾರೆ. ಫೋನು ಮಾಡಿ ಅವ್ವ ಹ್ಯಾಂಗದಾಳ ಎಂದು ಕೇಳಿದರು. ಚೆನ್ನಾಗಿದ್ದಾಳೆ, ನಿಮ್ಮ ಹಾಗೆ ನೆನೆದಿಲ್ಲ ಅಂದೆ.

ಕರೆಂಟು ಹೋಗಿತ್ತು. ಎರಡು ಪುಸ್ತಕದ ಎತ್ತರ ಮುಗಿಸಿ ಮೂರನೆಯದಕ್ಕೆ ಮಷಿನ್ ಡಿಸೈನ್ ತೆಗೆದಿದ್ದೆ. ಅತ್ತೆ ಅದನ್ನು ಕೈಯಲ್ಲಿ ತೂಗಿ, ಇಷ್ಟು ಭಾರ ಐತಲ್ಲ, ಒಳಗೇನೈತಿ ಎಂದು ಕೇಳಿದರು. ಓದು ಮುಗಿದ ಹದಿನೆಂಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಸುಮ್ಮನೆ ತಿರುವುತ್ತಾ ಹೋದೆ, ಚಪ್ಪಟೆ ಬೆಲ್ಟು ಎರಡು ಗಾಲಿಗಳ ಮೇಲೆ ಓಡುವ ಚಿತ್ರ ಬಂತು. ಅತ್ತೆ ಬೆರಳಿಟ್ಟು ನಿಲ್ಲಿಸಿದರು. ಅದು ಅವರ ಗಿರಣಿ.

ಆಮೇಲೆ ಮೇಣದ ಬತ್ತಿಯ ಮುಂದೆ ನಾವಿಬ್ಬರೂ ಬೆಲ್ಟು ಏಕೆ ಜಾರುತ್ತದೆ ಎಂದು ಚರ್ಚೆ ಮಾಡಿದೆವು. ಅವರು ಜಾರಿದಾಗ ರಾಳದ ಪುಡಿ ಉದುರಿಸುತ್ತಾರಂತೆ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟದ ಸೂತ್ರವಿದೆ. ಸೂತ್ರ ಬಿಡಿಸಿ ಹೇಳಿದೆ, ಗಾಲಿಯನ್ನು ಬೆಲ್ಟು ಎಷ್ಟು ಸುತ್ತಿ ಹಿಡಿಯುತ್ತದೋ ಅಷ್ಟು ಜಾರುವುದು ಕಡಿಮೆ ಎಂದು. ಅವರು ಸೆರಗನ್ನು ನನ್ನ ಮೊಣಕೈಗೆ ಸುತ್ತಿ ಎಳೆದು ನೋಡಿ, ಖರೇ ಐತಿ ಎಂದರು. ಶ್ರೇಯಾ, "ಅಜ್ಜಿ, ಯೇ ತೋ ಫಿಸಿಕ್ಸ್ ಹೈ" ಅಂದಳು. ಪಾಠ ಹೇಳಿ ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಸೆಪ್ಟೆಂಬರ್ 9, ಮಂಗಳವಾರ

ನಿಜವಾದ ಮೆಟ್ಟಿಲಿನ ಎತ್ತರಕ್ಕೆ ಪುಸ್ತಕಗಳು ಬಂದು ಮುಟ್ಟಿವೆ. ವಾಕರ್ ಹೋಗಿ ಕೋಲು ಬಂದಿದೆ. ಅವ್ವ ಹತ್ತುತ್ತಾಳೆ, ಇಳಿಯುತ್ತಾಳೆ, ನಡುವೆ ಕಿಟಕಿಯಲ್ಲಿ ಗಂಗುಬಾಯಿಗೆ ವರದಿ ಕೊಡುತ್ತಾಳೆ. ಇನ್ನು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಎಂದು ರೂಪಾಲಿ ಹೇಳಿದಳು.

ಮಳೆ ಇನ್ನೂ ನಿಂತಿಲ್ಲ, ಮೆಟ್ಟಿಲೆಲ್ಲ ಒದ್ದೆ. ಮೊದಲೇ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಸವೆದಿವೆ. ಇನ್ನೊಂದೆರಡು ವಾರ ಪುಸ್ತಕದ ಮೇಲೇ ಆಗಲಿ ಎಂದೆ. ಅವಸರ ಏನಿದೆ?

ಸೆಪ್ಟೆಂಬರ್ 20, ಶನಿವಾರ

ಕ್ಲಾಸಿನಿಂದ ಫೋನು ಬಂದಿತ್ತು, ಯಾವಾಗ ಬರುತ್ತೀರಿ ಎಂದು. ದಸರೆ ಆಗಲಿ, ಹೇಳುತ್ತೇನೆ ಎಂದೆ. ಅವ್ವನಿಗೆ ಹಲ್ಲಿಗೆ ಹಗುರಾಗುವ ಜೋಳದ ಸಂಗಟಿ ಮಾಡಿದ್ದೆ, ತಿರುವುತ್ತಿರುವಾಗಲೇ ಫೋನು ಬಂದದ್ದು, ತಳ ಹಿಡಿಯುತ್ತದೆಂದು ಬೇಗ ಇಟ್ಟೆ.

ಮಳೆ ಕಡಿಮೆಯಾಗಿದೆ. ಆದರೆ ಮೆಟ್ಟಿಲಿನ ಕಟಕಟೆ ಒಂದು ಕಡೆ ಅಲ್ಲಾಡುತ್ತದೆ. ಸೊಸೈಟಿಯವರು ರಿಪೇರಿ ಮಾಡಿಸಲಿ, ಆಮೇಲೆ ನೋಡೋಣ ಎಂದೆ. ಅನಿಲ ಅದು ನಾವು ಬಂದಾಗಿನಿಂದ ಹಾಗೇ ಇದೆ ಎಂದರು. ಅವರಿಗೆ ಯಾವಾಗ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

ಅಕ್ಟೋಬರ್ 1, ಬುಧವಾರ

ಇವತ್ತು ಖಂಡೇಪೂಜೆ, ಅಂದರೆ ಆಯುಧಪೂಜೆ. ಅವ್ವನ ಗಿರಣಿಯಲ್ಲಿ ಪ್ರತಿ ವರ್ಷ ಇದೇ ದೊಡ್ಡ ಹಬ್ಬ. ಕಲ್ಲು ತೊಳೆದು, ಬೆಲ್ಟು ಇಳಿಸಿ, ಅರಿಶಿನ ಕುಂಕುಮ ಹಚ್ಚುತ್ತಾರೆ. ಮರುದಿನ ಪೂಜೆ ಎತ್ತುವವರೆಗೆ ಯಾವುದಕ್ಕೂ ಕೆಲಸ ಕೊಡುವಂತಿಲ್ಲ. ಇಲ್ಲಿ ನಾನು ಮಿಕ್ಸರು, ಇಳಿಗೆ, ಅನಿಲರ ಲ್ಯಾಪ್‌ಟಾಪು, ಅವ್ವನ ಕೋಲು ಜೋಡಿಸಿ ಮುಗಿಯಿತು ಅಂದೆ. ಅವ್ವ ಒಪ್ಪಲಿಲ್ಲ.

"ವರ್ಷೆಲ್ಲಾ ಕೂತ ಮಿಕ್ಸರಕ ಪೂಜಾ, ನಾಕ ತಿಂಗಳ ದುಡದ ಪುಸ್ತಕಕ್ಕ ಇಲ್ಲೇನ?"

ಪುಸ್ತಕ ಎಂದರೆ ಎಲ್ಲ ಪುಸ್ತಕ. ಒಂದೂ ಬಿಡುವಂತಿಲ್ಲ, ಕೆಲಸ ಮಾಡಿದ್ದು ಎಲ್ಲವೂ. ಮಂಚದ ಕೆಳಗಿನ ಎಂಟು ಎಳೆದೆವು, ಮಂಚ ನೆಲಕ್ಕೆ ಕೂತಿತು. ಮೆಟೀರಿಯಲ್ ಸೈನ್ಸ್ ಎಳೆದದ್ದೇ ಫ್ರಿಜ್ಜು ಸೊಟ್ಟಗಾಗಿ ಬಾಗಿಲು ತೆರೆದುಕೊಂಡಿತು, ಅನಿಲ ಹೊಸ ಕುರ್ತಾದಲ್ಲಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಹೊರಬಾಗಿಲು ಮೂರು ಸಲ ಬಡಿಯಿತು. ಬುಟ್ಟಿಯ ಹಗ್ಗ ಸರ್ರನೆ ಜಾರಿ ಗಂಗುಬಾಯಿಯ ತುಳಸಿಯ ಮೇಲೆ ಬಿತ್ತು, ಅಲ್ಲಿಂದ ಒಂದು ಕೂಗು ಬಂತು. ನಾವೆಲ್ಲ ಆ ಕಡೆ ಓಡಿದಾಗ ಬೆಕ್ಕು ಈ ಕಡೆ ಹಾಲು ಮುಗಿಸಿತು. ಈ ಮನೆ ಇಷ್ಟು ದಿನ ಯಾವುದರ ಮೇಲೆ ನಿಂತಿತ್ತು ಎಂದು ಅನಿಲರಿಗೆ ಇವತ್ತು ಗೊತ್ತಾಯಿತು. ಇನ್ನು ರದ್ದಿಯವನ ಹೆಸರು ಎತ್ತುವುದಿಲ್ಲ ಎಂದು ಫ್ರಿಜ್ಜಿಗೆ ಒರಗಿಕೊಂಡೇ ಮಾತು ಕೊಟ್ಟರು.

ದೇವರ ಮುಂದೆ ಪುಸ್ತಕಗಳ ದೊಡ್ಡ ಗೋಪುರ, ಮೇಲೆ ಒಂದು ಚೆಂಡು ಹೂವು. ಗಂಗುಬಾಯಿಯ ಮಣೆಗೂ ಕುಂಕುಮ. ಅವ್ವ ಕೈ ಮುಗಿದು ತುಂಬಾ ಹೊತ್ತು ನಿಂತಳು. ಆ ಪುಸ್ತಕಗಳಿಗೆ ಯಾರಾದರೂ ಹೂವು ಏರಿಸಿಯಾರು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ.

ತಗ್ಗಿನ ಮಂಚದ ಚಿಂತೆ ಇದೆ. ಬೆಳಿಗ್ಗೆ ನನ್ನನ್ನು ಕರೆಯದೆ ಏಳಕೂಡದು ಎಂದು ಹೇಳಿದ್ದೇನೆ.

ಅಕ್ಟೋಬರ್ 2, ಗುರುವಾರ

ಎದ್ದು ನೋಡಿದರೆ ಮಂಚ ಖಾಲಿ. ಮೊದಲು ಬಚ್ಚಲಿಗೆ ಓಡಿದೆ. ಅವ್ವ ಅಡುಗೆಮನೆಯಲ್ಲಿ ಚಹಾಕ್ಕೆ ಇಡುತ್ತಿದ್ದಳು. ಕೋಲು ಪೂಜೆಯಲ್ಲಿತ್ತು, ಮಂಚ ನೆಲಕ್ಕಿತ್ತು, ನಾನು ನಿದ್ದೆಯಲ್ಲಿದ್ದೆ. ಅವಳು ಯಾರನ್ನೂ ಕರೆಯದೆ ಎದ್ದಿದ್ದಳು.

ಸ್ನಾನ ಮುಗಿಸಿ ಇಳಕಲ್ ಸೀರೆ ಉಟ್ಟು, ಬನ್ನಿ ಎಲೆ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ನಾನು ಎಂದಿನಂತೆ, ಮೊದಲು ಒಂದು ಸಲ ಮಣೆಯ ಮೇಲೆ ಅಭ್ಯಾಸ ಮಾಡಿ, ಆಮೇಲೆ ನೋಡೋಣ ಅಂದೆ.

"ಪುಸ್ತಕ ಪೂಜಾಕ್ಕ ಕುಂತಾವು, ಎತ್ತಾಕ ಬರಂಗಿಲ್ಲ," ಎಂದಳು. "ಮಾದೇವಿ, ನನ್ನ ಕಾಲಿಗೆ ಅಂಜಿಕಿ ಇಲ್ಲ. ಅಂಜಿಕಿ ನಿನಗೈತಿ."

ಅವಳಿಗೆ ಏನು ಗೊತ್ತು, ಕಟಕಟೆ ಅಲ್ಲಾಡುತ್ತದೆ. ಆದರೂ ಪೂಜೆಯ ಕೋಲಿಗೂ ಮಣೆಗೂ ಕೈ ಮುಗಿದು, ಮೊದಲು ಅವೆರಡನ್ನೇ ಎತ್ತಿ ಕೊಟ್ಟೆ.

ನಾನು ಒಂದು ಮೆಟ್ಟಿಲು ಕೆಳಗೆ, ಮುಖ ಅವಳ ಕಡೆ, ಎರಡೂ ಕೈ ಚಾಚಿಕೊಂಡು ಹಿಮ್ಮುಖ ಇಳಿದೆ. ಅನಿಲ ಹಿಂದೆ. ಮಣೆ ಶ್ರೇಯಾಳ ತಲೆಯ ಮೇಲೆ. ಮೊದಲ ಮಹಡಿಯ ತಿರುವಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಬಾಗಿಲುಗಳು ತೆರೆದವು, ಎಲ್ಲರೂ ನೋಡುತ್ತಿದ್ದರು. ಚಾಚಿದ ನನ್ನ ಕೈಯನ್ನು ಅವಳು ಒಂದು ಸಲವೂ ಹಿಡಿಯಲಿಲ್ಲ. ಜೂನಿನಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಬಂದ ಮೆಟ್ಟಿಲನ್ನು ಇವತ್ತು ಒಂದೊಂದನ್ನೂ ನೋಡುತ್ತಾ ಇಳಿದಳು.

ಗಂಗುಬಾಯಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ದನಿ ಕೇಳಿ ದಪ್ಪಗಿದ್ದಿ ಅಂತ ತಿಳಿದಿದ್ದೆ ಎಂದು ಗಂಗುಬಾಯಿ ಹೇಳಿದರು. ಕಿಟಕಿಯಾಗಿಂದ ಕೇಳಿದ್ರ ನೀವು ಎತ್ತರ ಇದ್ರಿ ಎಂದು ಅವ್ವ ಹೇಳಿದಳು. ಆಮೇಲೆ ಶುರುವಾಯಿತು. ಬನ್ನಿ ಕೊಡಬೇಕಾದವರು ಚಿಕ್ಕವರು. ಇಬ್ಬರೂ ತಾವೇ ಚಿಕ್ಕವರು ಎಂದರು. ಕೋಲು ಹಿಡಿದವಳು ನೀನು, ನೀನೇ ದೊಡ್ಡವಳು ಎಂದು ಗಂಗುಬಾಯಿ. ಹಲ್ಲು ಕಟ್ಟಿಸಿಕೊಂಡವರು ನೀವು, ನೀವೇ ದೊಡ್ಡವರು ಎಂದು ಅವ್ವ. ಇಬ್ಬರ ಹತ್ತಿರವೂ ಹುಟ್ಟಿದ ತಾರೀಕಿಲ್ಲ. ಕೊನೆಗೆ ಒಟ್ಟಿಗೇ ಕೈ ಚಾಚಿ, ಒಟ್ಟಿಗೇ ಕೊಟ್ಟು, ಒಟ್ಟಿಗೇ ತೆಗೆದುಕೊಂಡು, ಬಂಗಾರದಂಗ ಇರೋಣ ಎಂದು ಹೇಳಿ ಇಬ್ಬರೂ ಅತ್ತರು.

ಮಧ್ಯಾಹ್ನ ತಾನೇ ಮೇಲೆ ಹತ್ತಿದಳು. ಬಿಲ್ಡಿಂಗೇ ಚಪ್ಪಾಳೆ ತಟ್ಟಿತು. ನನಗೂ ಬಹಳ ಖುಷಿಯಾಯಿತು. ಆದರೆ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ. ಬೆಳಿಗ್ಗೆ ನಾಷ್ಟಾ ಮಾಡಿರಲಿಲ್ಲ, ಅದಕ್ಕೇ ಇರಬೇಕು.

ಅಕ್ಟೋಬರ್ 5, ಭಾನುವಾರ

ಊರಿನಿಂದ ಭಾವನವರು ಫೋನು ಮಾಡಿದ್ದರು, ಮುಂದಿನ ಶನಿವಾರ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತಾರೆ. ದೀಪಾವಳಿ ಹತ್ತಿರವೇ ಇದೆ, ಮುಗಿಸಿಕೊಂಡು ಹೋಗಲಿ ಎಂದೆ. ಗಿರಣಿ ಬಂದ್ ಬಿದ್ದಿದೆ ಎಂದರು. ನಮ್ಮ ರಬ್ಬರ್ ಮ್ಯಾಟು ಅಲ್ಲಿ ಸಿಗುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಲಿಲ್ಲ.

ಅಕ್ಟೋಬರ್ 11, ಶನಿವಾರ

ಅವ್ವ ಹೋದಳು.

ಬೆಳಿಗ್ಗೆಯಿಂದ ಗಂಟು ಕಟ್ಟುವುದೇ ಆಯಿತು. ಔಷಧಿ, ಕೋಲು, ಚಟ್ನಿಪುಡಿ. ಕೊನೆಗೆ ಮಷಿನ್ ಡಿಸೈನ್ ಪುಸ್ತಕವನ್ನು ತಾನೇ ಎತ್ತಿ ತಂದು, ಇದನ್ನು ಒಯ್ಯಲೇ ಎಂದು ಕೇಳಿದಳು. ಬಾಗಿಲಿಗಾ, ಫ್ರಿಜ್ಜಿಗಾ ಎಂದೆ. ಯಾವುದಕ್ಕೂ ಅಲ್ಲ, ಗಿರಣಿಯ ಗೋಡೆಯಲ್ಲಿ ದೇವರ ಪಕ್ಕಕ್ಕೆ, ಬೆಲ್ಟಿನ ಚಿತ್ರದ ಪುಟ ತೆರೆದಿಟ್ಟುಕೊಂಡು ಎಂದಳು. ಬಂದವರಿಗೆ ನಮ್ಮ ಸೊಸೆಯ ಪುಸ್ತಕ ಎಂದು ತೋರಿಸಲಿಕ್ಕಂತೆ. ಆ ಪುಟಕ್ಕೆ ಬನ್ನಿಯ ಎಲೆ ಇಟ್ಟು ಕೊಟ್ಟೆ.

ಮೆಟ್ಟಿಲು ಇಳಿಯುವಾಗ ನಾನು ಇವತ್ತು ಕೈ ಚಾಚಲಿಲ್ಲ, ಚೀಲ ಹಿಡಿದುಕೊಂಡು ಹಿಂದೆ ಹಿಂದೆ ಇಳಿದೆ. ಗಂಗುಬಾಯಿಯ ಬಾಗಿಲಲ್ಲಿ ಅರ್ಧ ಗಂಟೆ ಹೋಯಿತು, ಭಾವನವರು ಗಡಿಯಾರ ನೋಡುತ್ತಲೇ ಇದ್ದರು. ಬಸ್ಸು ಹೈವೇಯಿಂದ, ಅಲ್ಲಿಯವರೆಗೆ ರಿಕ್ಷಾ. ನಾನು ಬಗ್ಗಿ ಚೀಲವನ್ನು ಒಳಗೆ ತಳ್ಳುತ್ತಿದ್ದೆ, ಅವ್ವ ಹತ್ತಿ ಕೂತು ಆ ಕಾಲನ್ನು, ಮುರಿದಿದ್ದ ಕಾಲನ್ನು, ತಾನೇ ಎತ್ತಿ ಒಳಗೆಳೆದುಕೊಂಡಳು. ಚಪ್ಪಲಿ ನನ್ನ ಕೈಗೆ ತಾಗಿತು. ಮೆಲ್ಲಗೆ, ತಾಗಿದ್ದು ಗೊತ್ತೂ ಆಗದಷ್ಟು.

ಅವ್ವ ರಿಕ್ಷಾದಿಂದ ಬಗ್ಗಿ ನನ್ನ ಕೈ ಮುಟ್ಟಿ, ಆ ಬೆರಳುಗಳನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಅತ್ತೆಯಾದವಳು ಸೊಸೆಗೆ ಹಾಗೆ ಮಾಡುವುದಿಲ್ಲ. ಎಲ್ಲಿಯೂ ಇಲ್ಲ. ಭಾವನವರು ಅವಾಕ್ಕಾಗಿ ನೋಡುತ್ತಿದ್ದರು. ನನಗೆ ಏನು ಮಾಡಬೇಕೋ ತಿಳಿಯದೆ, "ಏನವ್ವಾ ಇದು, ನಾ ಏನ ಪುಸ್ತಕಾ?" ಅಂದೆ.

"ಪುಸ್ತಕಕ್ಕರ ನಡುವ ಮಣಿ ಇಟ್ಟಿದ್ವಿ," ಎಂದಳು. "ನಿನಗ ಏನೂ ಇಟ್ಟಿದ್ದಿಲ್ಲ."

ರಿಕ್ಷಾ ಹೊರಟಿತು. ನಾನು ಗೇಟಿನಲ್ಲೇ ನಿಂತಿದ್ದೆ, ಗಂಗುಬಾಯಿ ಒಳಗೆ ಕರೆದು ಆ ಮಣೆಯ ಮೇಲೆ ಕೂರಿಸಿ ಚಹಾ ಕೊಟ್ಟರು.